ಲಕ್ಷ್ಮಕ್ಕನ ಮಗಳ ದಮ್ಮು

ಚಳ್ಳಕೆರೆ
11–8–2002

ಮಗಳು ಶಾಂತಕುಮಾರಿಗೆ ಅವ್ವ ಲಕ್ಷ್ಮಕ್ಕನ ಆಶೀರ್ವಾದಗಳು.

ನಾನೂ ನಿನ್ನಪ್ಪನೂ ನೆಟ್ಟಗಿದ್ದೀವಿ. ನೆಟ್ಟಗಿಲ್ಲದ್ದು ನಿನ್ನಪ್ಪನ ಎಡ ಮೊಣಕಾಲು ಒಂದೇ, ಅದು ನೀನು ಹುಟ್ಟೋಕೆ ಮುಂಚಿನಿಂದಲೂ ಹಾಗೇ ಇದೆ. ನೀನು ಕೊಂಡ್ಲಹಳ್ಳಿ ಆಸ್ಪತ್ರೆಗೆ ನರ್ಸಾಗಿ ಹೋಗಿ ಎರಡು ತಿಂಗಳಾಯಿತು. ಬಂದದ್ದು ಒಂದೇ ಕಾಗದ, ಅದೂ ಅಂಗೈ ಅಗಲದ್ದು. ಸರ್ಕಾರ ನರ್ಸಮ್ಮನಿಗೆ ಪೆನ್ನು ಕೊಡುವುದಿಲ್ಲವೇನು?

ಇಲ್ಲಿ ಶೇಂಗಾ ಮಿಲ್ಲಿನಲ್ಲಿ ನನ್ನ ಬೆಲೆ ಏರಿದೆ. ಬೀಜ ಆರಿಸುವ ಹೆಂಗಸರಲ್ಲಿ ಏಳನೇ ಕ್ಲಾಸು ಪಾಸಾದವಳು ನಾನೊಬ್ಬಳೇ ಅಂತ ಮೊದಲೇ ಸ್ವಲ್ಪ ಕೊಂಬಿತ್ತು. ಈಗ ನರ್ಸಿನ ತಾಯಿ ಬೇರೆ. ಯಾರ ಮಗು ಕೆಮ್ಮಿದರೂ "ಲಕ್ಷ್ಮಕ್ಕನ್ನ ಕೇಳ್ರಿ" ಅನ್ನುತ್ತಾರೆ. ನಾನೂ ಬಿಡುವುದಿಲ್ಲ, ನಿನ್ನ ಕಥೆ ಶುರು ಮಾಡುತ್ತೇನೆ. ಆರು ವರ್ಷದ ಹುಡುಗಿ, ದಮ್ಮು ಹತ್ತಿದರೆ ಎದೆಯೊಳಗೆ ಬೆಕ್ಕಿನ ಮರಿ ಕೂತು ಕೂಗಿದ ಹಾಗೆ ಸದ್ದು. ಡಾಕ್ಟರು ಸೂಜಿ ಚುಚ್ಚಿ ಚುಚ್ಚಿ ಸೋತರು. ಕೊನೆಗೆ ಆಂಧ್ರ ಗಡಿಯಾಚೆಯ ನಾಟಿ ವೈದ್ಯ ಚಿತ್ತಪ್ಪನ ಹತ್ತಿರ ಕರೆದುಕೊಂಡು ಹೋಗಿ ಎದೆಯ ಮೇಲೆ ಮೂರು ಬರೆ ಹಾಕಿಸಿದೆ. ಹನ್ನೆರಡು ತುಂಬುವಷ್ಟರಲ್ಲಿ ದಮ್ಮು ಕಾಲಿಗೆ ಬುದ್ಧಿ ಹೇಳಿತು. ಈಗ ನೋಡಿ, ಅವಳೇ ಊರವರಿಗೆ ಔಷಧಿ ಕೊಡುತ್ತಾಳೆ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಕೇಳಿದವರ ಕಣ್ಣಲ್ಲಿ ನೀರು ಬಂದಿರುತ್ತದೆ. ಈ ವರ್ಷವೇ ಮೂರು ಮನೆಯವರಿಗೆ ಚಿತ್ತಪ್ಪನ ಊರಿನ ದಾರಿ ಹೇಳಿದ್ದೇನೆ. ಪುಣ್ಯದಲ್ಲಿ ನಿನಗೂ ಪಾಲಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕಡ್ಡಿಯ ಹಾಗಿರುವ ನರ್ಸನ್ನು ಯಾವ ರೋಗಿಯೂ ನಂಬುವುದಿಲ್ಲ.

ನಿನ್ನ ಅವ್ವ,
ಲಕ್ಷ್ಮಕ್ಕ


ಕೊಂಡ್ಲಹಳ್ಳಿ
15–9–2002

ಪ್ರೀತಿಯ ಅವ್ವನಿಗೆ, ಅಪ್ಪನಿಗೆ,

ಸರ್ಕಾರ ಪೆನ್ನು ಕೊಟ್ಟಿದೆ ಅವ್ವ, ಅದರ ಜೊತೆಗೆ ಹನ್ನೊಂದು ರಿಜಿಸ್ಟರುಗಳನ್ನೂ ಕೊಟ್ಟಿದೆ. ಅವನ್ನು ತುಂಬಿಸುವಷ್ಟರಲ್ಲಿ ಕೈ ಸೋತಿರುತ್ತದೆ. ಇವತ್ತು ಎಲ್ಲವನ್ನೂ ಮುಚ್ಚಿಟ್ಟು ನಿನಗೆ ದೊಡ್ಡ ಕಾಗದ ಬರೆಯಲು ಕೂತಿದ್ದೇನೆ.

ಇಲ್ಲಿ ಹರ್ಷಿತಾ ಅಂತ ಒಬ್ಬ ಹುಡುಗಿ ಇದ್ದಾಳೆ, ಆರು ವರ್ಷದವಳು. ತಾಯಿ ಪ್ರೇಮಲತಾ ಕೂಲಿಗೆ ಹೋಗುತ್ತಾಳೆ, ತಂದೆ ಗಂಗರಾಜು ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುತ್ತಾನೆ, ಮನೆಯ ಯಜಮಾನಿಕೆ ಅಜ್ಜಿ ಕ್ಯಾತಮ್ಮನದು. ಹುಡುಗಿಗೆ ದಮ್ಮು. ಮೊದಲ ಸಲ ಎತ್ತಿಕೊಂಡು ಬಂದಾಗ ಅವಳಿಗೆ ಎರಡು ಪದ ಒಟ್ಟಿಗೆ ಆಡಲು ಆಗುತ್ತಿರಲಿಲ್ಲ. ಪಕ್ಕೆಲುಬಿನ ಸಂದು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಬಿ.ಜಿ. ಕೆರೆ, ಚಳ್ಳಕೆರೆ, ಬಳ್ಳಾರಿ ಅಂತ ಎಲ್ಲ ಕಡೆ ಸೂಜಿ ಹಾಕಿಸಿ ಬಂದಿದ್ದರು.

ನಮ್ಮ ಹೊಸ ಡಾಕ್ಟರು ಸೂಜಿ ಚುಚ್ಚಿ ಕಳಿಸುವವರಲ್ಲ. ಆವತ್ತಿನ ದಮ್ಮು ಇಳಿಸಿದ ಮೇಲೆ ತಾಯಿಯನ್ನೂ ಅಜ್ಜಿಯನ್ನೂ ಬೆಂಚಿನ ಮೇಲೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ದಮ್ಮು ಇರುವವರ ಶ್ವಾಸನಾಳ ಒಳಗೆ ಊದಿಕೊಂಡಿರುತ್ತದೆ, ದಮ್ಮು ಬಾರದ ದಿನವೂ ಆ ಊತ ಇದ್ದೇ ಇರುತ್ತದೆ ಅಂದರು. ಎರಡು ಪಂಪು ಕೊಟ್ಟರು, ಇನ್‌ಹೇಲರ್ ಅಂತಾರಲ್ಲ, ಬಾಯಿಗಿಟ್ಟು ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುವುದು. ಕಂದು ಪಂಪು ಊತ ಇಳಿಸಲು, ದಿನಾ ಎರಡು ಹೊತ್ತು, ಮಗು ಕುಣಿದಾಡುತ್ತಿದ್ದರೂ ಬಿಡುವ ಹಾಗಿಲ್ಲ. ನೀಲಿ ಪಂಪು ದಮ್ಮು ಹತ್ತಿದಾಗ ಮಾತ್ರ.

ಸಣ್ಣ ಮಕ್ಕಳಿಗೆ ಪಂಪು ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ತಾಳ ಕೂಡುವುದಿಲ್ಲ, ಔಷಧಿ ನಾಲಿಗೆಯ ಮೇಲೇ ಉಳಿಯುತ್ತದೆ. ಅದಕ್ಕೆ ಡಾಕ್ಟರು ಅರ್ಧ ಲೀಟರಿನ ನೀರಿನ ಬಾಟಲಿ ತರಿಸಿ, ತಂತಿ ಕಾಯಿಸಿ, ತಳದಲ್ಲಿ ಪಂಪಿನ ಬಾಯಿ ಕೂರುವಷ್ಟು ತೂತು ಮಾಡಿದರು. ಗಾಳಿ ಸೋರದ ಹಾಗೆ ಸುತ್ತ ಪ್ಲಾಸ್ಟರ್ ಸುತ್ತಿದರು. ತಳದಿಂದ ಪಂಪನ್ನು ಒಂದು ಸಲ ಒತ್ತುವುದು, ಮಗು ಬಾಟಲಿಯ ಬಾಯಿಗೆ ತುಟಿ ಬಿಗಿಯಾಗಿ ಇಟ್ಟು ನಿಧಾನವಾಗಿ ಹತ್ತು ಸಲ ಉಸಿರಾಡುವುದು. ಅಷ್ಟೇ. ಆವತ್ತು ದಮ್ಮು ಇಳಿಸಿದ್ದೂ ಹೀಗೇ, ನೀಲಿ ಪಂಪಿನಿಂದ. ಹತ್ತು ನಿಮಿಷದಲ್ಲಿ ಹರ್ಷಿತಾ "ಬಸ್ಸಿನ್ ತರ ಐತೆ, ಪೊಂಯ್" ಅಂತ ಪೂರ್ತಿ ವಾಕ್ಯ ಆಡಿದಳು. ನಾನು ಆಚೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಮನೆ ನೋಡಲು ನನ್ನನ್ನೂ ಕಳಿಸಿದ್ದರು. ಒಲೆ ಉರಿಗೆ ಅಂತ ಮಿಲ್ಲಿನಿಂದ ತಂದ ಶೇಂಗಾ ಹೊಟ್ಟನ್ನು ಮಗು ಮಲಗುವ ಮೂಲೆಯಲ್ಲೇ ಚೀಲಗಟ್ಟಲೆ ಒಟ್ಟಿದ್ದರು. ಆ ಧೂಳು ಇಂಥ ಮಕ್ಕಳಿಗೆ ಆಗಿಬರುವುದಿಲ್ಲ. ಚೀಲಗಳನ್ನು ಆಚೆ ಹಾಕಿಸಿ ಬಂದೆ.

ಚೆನ್ನಾಗಿ ಉಣ್ಣುತ್ತಿದ್ದೇನೆ.

ನಿನ್ನ ಮಗಳು,
ಶಾಂತಾ


ಚಳ್ಳಕೆರೆ
20–10–2002

ಮಗಳೇ,

ನಿನ್ನ ಕಾಗದವನ್ನು ಮಿಲ್ಲಿನಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ. ಬಾಟಲಿಗೆ ತೂತು ಮಾಡುವ ಡಾಕ್ಟರನ್ನು ಯಾರೂ ಕಂಡಿಲ್ಲವಂತೆ. ಊರಿಗೆ ಒಂದು ದಾರಿಯಾದರೆ ಪೋರನಿಗೆ ಒಂದು ದಾರಿ ಅಂದರು. ನಾನು ನಿಮ್ಮ ಡಾಕ್ಟರ ಪರವಾಗಿಯೇ ಜಗಳವಾಡಿದೆ, ನನ್ನ ಮಗಳು ಕೆಲಸ ಮಾಡುವ ಆಸ್ಪತ್ರೆ ಅಲ್ಲವೇ.

ಆದರೆ ನಿನಗೊಂದು ಮಾತು. ನಾನು ಬರೆದ ವಿಷಯಕ್ಕೆ ನೀನು ಉತ್ತರ ಬರೆಯಲೇ ಇಲ್ಲ. ಬಾಟಲಿಗೆ ಒಂದು ಪುಟ, ಚಿತ್ತಪ್ಪನಿಗೆ ಒಂದು ಸಾಲಿಲ್ಲ. ಓದಿದ ಮೇಲೆ ಹಳೆಯದೆಲ್ಲ ಹಳ್ಳಿಗಮಾರರದ್ದು ಅನ್ನಿಸುತ್ತದೆ, ಇರಲಿ. ಆದರೆ ನಿನ್ನ ಕಾಲದಲ್ಲಿ ಬಾಟಲಿಯೂ ಇರಲಿಲ್ಲ, ಪಂಪೂ ಇರಲಿಲ್ಲ. ಇದ್ದದ್ದು ನಾನು. ಪಂಪು ಒಂದು ಸಲ ಹಿಡಿದರೆ ಬಿಡುವುದಿಲ್ಲ, ಕುಡುಕನಿಗೆ ಸಾರಾಯಿ ಪ್ಯಾಕೆಟ್ಟು ಇದ್ದ ಹಾಗೆ ಅನ್ನುತ್ತಾರೆ. ಬರೆ ಒಂದು ದಿನದ ಉರಿ, ಆಮೇಲೆ ಜನ್ಮಕ್ಕೆ ನೆಮ್ಮದಿ. ನಿನ್ನನ್ನು ನೋಡಿದರೆ ತಿಳಿಯುವುದಿಲ್ಲವೇ?

ಶೇಂಗಾ ಹೊಟ್ಟಿನ ಧೂಳಿಗೆ ದಮ್ಮು ಬರುವುದು ನಿಜವೋ? ಸುಮ್ಮನೆ ಕೇಳಿದೆ.

ದೀಪಾವಳಿಗೆ ಬಾ.

ಅವ್ವ

ಶಾಂತಾ, ನಾನು ನಿಮ್ಮಪ್ಪ ಹುಲಿಯಪ್ಪ. ನಿಮ್ಮವ್ವ ನಾಕು ದಿನದಿಂದ ಮಿಲ್ಲಿಂದ ಬಂದವಳೇ ಅಂಗಳದಲ್ಲಿ ನಿಂತು ಸೀರೆ ಕೊಡವುತ್ತಾಳೆ. ಕೇಳಿದರೆ ಸಿಡುಕುತ್ತಾಳೆ.


ಕೊಂಡ್ಲಹಳ್ಳಿ
24–11–2002

ಪ್ರೀತಿಯ ಅವ್ವನಿಗೆ,

ದೀಪಾವಳಿಗೆ ಬರಲಾಗಲಿಲ್ಲ. ಹರ್ಷಿತಾ ಆಸ್ಪತ್ರೆಯಲ್ಲಿದ್ದಳು.

ಆರು ವಾರ ಹುಡುಗಿ ಎಷ್ಟು ಚೆನ್ನಾಗಿದ್ದಳು ಅಂದರೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅದೇ ಮುಳುವಾಯಿತು. ಗುಣವಾಯಿತಲ್ಲ, ಇನ್ನು ಯಾಕೆ ಅಂತ ಕ್ಯಾತಮ್ಮ ಕಂದು ಪಂಪನ್ನು ನಿಲ್ಲಿಸಿಬಿಟ್ಟಳು. ಎಸೆಯಲಿಲ್ಲ. ಒಳ್ಳೆಯದು ಮಾಡಿದ ವಸ್ತು ಅಂತ ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದಳು. ಮೂರು ವಾರ ಪಂಪಿಗೆ ಪೂಜೆ ನಡೆಯಿತು, ಮಗುವಿಗೆ ಔಷಧಿ ಇಲ್ಲ. ಹಬ್ಬದ ಪಟಾಕಿ ಹೊಗೆ, ಚಳಿ, ಎಲ್ಲ ಸೇರಿ ದಮ್ಮು ಹಿಡಿದುಕೊಂಡಿತು. ಎರಡು ದಿನ ನಾವ್ಯಾರೂ ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಈಗ ಗೆಲುವಾಗಿದ್ದಾಳೆ.

ಆದರೆ ಕ್ಯಾತಮ್ಮನಿಗೆ ಪಂಪಿನ ಮೇಲೆ ನಂಬಿಕೆ ಹೋಗಿದೆ. ಸಂಕ್ರಾಂತಿ ಕಳೆದು ಬರುವ ಅಮಾವಾಸ್ಯೆಗೆ ಮಗುವಿಗೆ ಬರೆ ಹಾಕಿಸುತ್ತಾಳಂತೆ. ಡಾಕ್ಟರು ಬೇಡ ಅಂದರೆ "ಆಯ್ತು ಸ್ವಾಮಿ" ಅಂತ ತಲೆಯಾಡಿಸಿ ಎದ್ದು ಹೋದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ:

"ಚಳ್ಳಕೆರೆ ಮಿಲ್ನಾಗೆ ಲಕ್ಷ್ಮಕ್ಕ ಅಂತ ಒಬ್ರು ಅವ್ರಂತೆ. ಅವ್ರ ಮಗ್ಳಿಗೆ ಚಿತ್ತಪ್ಪನ ತಾವ ಬರೆ ಹಾಕ್ಸಿದ್ಮೇಲೆ ದಮ್ಮು ತಲೆ ಎತ್ಲೇ ಇಲ್ವಂತೆ. ಈಗ ಆ ಹುಡ್ಗಿ ಎಲ್ಲೋ ನರ್ಸ್ ಆಗೈತಂತೆ. ನಿಮ್ ಪಂಪು ಎಳ್ಕೊಂಡು ಯಾರವ್ವ ನರ್ಸ್ ಆಗೋರೆ, ಹೇಳು ನೋಡಾನ?"

ನಾನು ಏನು ಹೇಳಲಿ ಅವ್ವ? ಅವಳ ಮುಂದೆ ನಿಂತಿದ್ದವಳ ಚೀಲದಲ್ಲೇ ಪಂಪು ಇತ್ತು.

ಇದನ್ನು ಏಳು ವರ್ಷದಿಂದ ಬರೆಯದೆ ಇದ್ದೆ. ನನ್ನ ದಮ್ಮು ಹೋಗಿಲ್ಲ. ಬರೆ ಹಾಕಿಸಿದ ಮೇಲೂ ಆರು ವರ್ಷ ಅದು ನನ್ನ ಜೊತೆಗಿತ್ತು, ನಿನಗೇ ಗೊತ್ತು. ಹನ್ನೆರಡಕ್ಕೆ ತಾನಾಗಿ ನಿಂತಿತು. ಕೆಲವು ಮಕ್ಕಳಿಗೆ ಹಾಗಾಗುತ್ತದೆ. ಚಿತ್ರದುರ್ಗದ ಹಾಸ್ಟೆಲಿನಲ್ಲಿ ತರಬೇತಿಗೆ ಇದ್ದಾಗ ಮತ್ತೆ ಬಂತು. ಆವತ್ತಿನಿಂದ ಪಂಪು ಇಲ್ಲದೆ ನಾನು ಚಳಿಗಾಲ ಕಳೆದಿಲ್ಲ. ಊರಿಗೆ ಬಂದಾಗ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಎಳೆಯುತ್ತಿದ್ದೆ. ನೀನು ನನ್ನನ್ನು ಬೀದಿಯವರಿಗೆಲ್ಲ ತೋರಿಸಿ ಮೆರೆಯುತ್ತಿದ್ದೆ. ಆ ಮುಖ ನೋಡಿಕೊಂಡು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಹುಡುಗಿ ನಾನೇ ಅಂತ ಕ್ಯಾತಮ್ಮನಿಗೂ ಹೇಳಲಿಲ್ಲ. ಹೇಳಿದರೆ ನನ್ನ ಅವ್ವ ಊರೂರಿನಲ್ಲಿ ಸುಳ್ಳುಗಾತಿಯಾಗುತ್ತಾಳೆ. ಹೇಳದಿದ್ದರೆ ಆ ಮಗುವಿನ ಎದೆ ಸುಡುತ್ತದೆ. ಏನು ಮಾಡಲಿ ಅಂತ ನೀನೇ ಬರೆ.

ಶಾಂತಾ


ಕೊಂಡ್ಲಹಳ್ಳಿ
19–1–2003

ಅವ್ವ,

ಎರಡು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲದ ಪೊಟ್ಟಣ ಬಂತು, ಅದರೊಳಗೂ ಚೀಟಿ ಇರಲಿಲ್ಲ. ನೊಂದುಕೊಂಡಿದ್ದೀಯ, ಗೊತ್ತು.

ಇಲ್ಲಿ ಅಮಾವಾಸ್ಯೆ ಹತ್ತಿರ ಬಂತು. ಫೆಬ್ರವರಿ ಒಂದು, ಶನಿವಾರ. ಗಂಗರಾಜುವನ್ನೂ ಕರೆಸಿದ್ದಾರೆ. ನಾನು ದಿನಾ ಅವರ ಮನೆಗೆ ಹೋಗಿ ಬರುತ್ತೇನೆ, ಪ್ರೇಮಲತಾ ಕದ್ದು ಮಗುವಿಗೆ ಪಂಪು ಕೊಡುತ್ತಿದ್ದಾಳೆ. ಅತ್ತೆಗೆ ಎದುರು ಮಾತಾಡುವ ಧೈರ್ಯ ಅವಳಿಗಿಲ್ಲ. ಇನ್ನೊಂದು ಕಷ್ಟ: ಜನವರಿ 30ರಿಂದ ಮೂರು ದಿನ ನನಗೆ ಚಿತ್ರದುರ್ಗದಲ್ಲಿ ತರಬೇತಿ ಹಾಕಿದ್ದಾರೆ. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರು ಹೊರಡುವ ದಿನ ನಾನು ಊರಿನಲ್ಲೇ ಇರುವುದಿಲ್ಲ.

ನಾನು ವಾಪಸು ಬಂದ ಮೇಲೆ ಕ್ಯಾತಮ್ಮನಿಗೆ ಎಲ್ಲ ಹೇಳಿಬಿಡಬೇಕು ಅಂದುಕೊಂಡೆ. ಆಮೇಲೆ ಹೇಳಿ ಏನು ಪ್ರಯೋಜನ ಅಂತಲೂ ಅನ್ನಿಸಿತು. ಹೋಗುವ ಮುಂಚೆಯೇ ಹೇಳಬೇಕು. ನಿನ್ನ ಒಪ್ಪಿಗೆ ಒಂದು ಸಾಲು ಬರೆ, ಸಾಕು.

ಶಾಂತಾ


ಚಳ್ಳಕೆರೆ
9–2–2003

ಶಾಂತಾ,

ನೀನು ಒಂದು ಸಾಲು ಕೇಳಿದೆ. ನನಗೆ ಬರೆಯಲು ಆಗಲಿಲ್ಲ, ಅದಕ್ಕೆ ಬಸ್ಸು ಹತ್ತಿದೆ.

ನಿನ್ನ ದೀಪಾವಳಿಯ ಕಾಗದ ಓದಿದ ದಿನ ಮೊದಲು ಬಂದದ್ದು ಸಿಟ್ಟು. ಹೆತ್ತವಳಿಗೆ ಏಳು ವರ್ಷ ಮುಚ್ಚಿಟ್ಟಳಲ್ಲ ಅಂತ. ಆ ಸಿಟ್ಟು ಒಂದು ತಿಂಗಳು ಬಾಳಿತು. ಆಮೇಲೆ ಅದು ನನ್ನ ಕಡೆಗೇ ತಿರುಗಿತು. ಮಿಲ್ಲಿನಲ್ಲಿ ಯಾರಾದರೂ ಮಗುವಿನ ದಮ್ಮಿನ ಮಾತು ತೆಗೆದರೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಜನವರಿ 31ಕ್ಕೆ ನಿನ್ನಪ್ಪನಿಗೆ ನೆಂಟರ ಮನೆ ಅಂತ ಹೇಳಿ, ಬಿ.ಜಿ. ಕೆರೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ನಿಮ್ಮೂರಿಗೆ ಬಂದೆ. ಕ್ಯಾತಮ್ಮನ ಮನೆ ಕೇಳಿಕೊಂಡು ಹೋಗಿ, "ಚಳ್ಳಕೆರೆ ಮಿಲ್ಲಿನ ಲಕ್ಷ್ಮಕ್ಕ ನಾನೇ" ಅಂದೆ.

ಆ ಹೆಂಗಸು ನನ್ನನ್ನು ಹೇಗೆ ನೋಡಿಕೊಂಡಳು ಅಂತೀಯ! ಮಡಿಸಿಟ್ಟ ಹೊಸ ಕಂಬಳಿ ತೆಗೆದು ಹಾಸಿದಳು. "ರಾ ಅಮ್ಮಾ, ಕೂಚೋ" ಅಂತ ತೆಲುಗಿನಲ್ಲಿ ಕೂರಲು ಕರೆದು ಕನ್ನಡದಲ್ಲಿ ಮುಂದುವರಿಸಿದಳು. "ಒಳ್ಳೆ ದಿನ್ಕೇ ಬಂದೆ ಕಣವ್ವ. ನಾಳೆ ಹೊತ್ತಾರೆನೇ ಹೊಲ್ಡೋದು. ನೀನೂ ಬಂದ್‌ಬಿಡು, ನೀನಿದ್ರೆ ನಮ್ಗೂ ಧೈರ್ಯ."

ಎರಡು ಲೋಟ ಟೀ ಕುಡಿದೆ. ಮಳೆಯ ಮಾತಾಡಿದೆ, ಎಮ್ಮೆಯ ಮಾತಾಡಿದೆ. ಹೇಳಬೇಕಾದ್ದನ್ನು ಮಾತ್ರ ಬಿಟ್ಟೆ. ಹತ್ತು ಹನ್ನೆರಡು ವರ್ಷ ಇದೇ ಕಥೆ ಹೇಳಿ ಊರು ಗೆದ್ದ ಬಾಯಿ, ಶಾಂತಾ, ಅಲ್ಲಿ ಹೊಲಿದ ಹಾಗಾಯಿತು. ಬಂದ ದಾರಿಗೆ ಸುಂಕವಿಲ್ಲ ಅಂತ ಎದ್ದು ಬಿಡೋಣ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಹರ್ಷಿತಾ ಬಂದು ನನ್ನ ಮಗ್ಗುಲಲ್ಲಿ ಕೂತಳು. ಸೆರಗು ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

"ಅಜ್ಜಿ, ತುಂಬಾ ಉರಿತೈತಾ?"

ನೀನೂ ಕೇಳಿದ್ದೆ. ಚಿತ್ತಪ್ಪನ ಊರಿಗೆ ಹೋಗುವ ಬಸ್ಸಿನಲ್ಲಿ, ಇದೇ ಮಾತು. ನಾನು ಕೇಳಿಸದವಳ ಹಾಗೆ ಕಿಟಕಿಯ ಆಚೆ ಕುರಿ ತೋರಿಸಿದ್ದೆ. ಈ ಸಲ ತೋರಿಸಲು ಕುರಿ ಇರಲಿಲ್ಲ.

"ಉರಿತೈತೆ ಮಗಾ," ಅಂದೆ. "ತಿಂಗ್ಳಗಟ್ಲೆ ಉರಿತೈತೆ. ಅಷ್ಟಾದ್ರೂ ದಮ್ಮು ಹೋಗಲ್ಲ."

ಕ್ಯಾತಮ್ಮ ಲೋಟ ಕೆಳಗಿಟ್ಟಳು. "ಏನಂದೆ?"

"ನನ್ ಮಗ್ಳ ದಮ್ಮು ಹೋಗಿಲ್ಲ ಕ್ಯಾತಮ್ಮ. ನಿಮ್ ಆಸ್ಪತ್ರೆ ನರ್ಸು ಶಾಂತಕುಮಾರಿ ಇದಾಳಲ್ಲ, ಅವ್ಳೇ ನನ್ ಮಗ್ಳು. ಇವತ್ತಿಗೂ ಪಂಪು ಎಳೀತಾಳೆ. ಚಿತ್ತಪ್ಪ ಸಲಾಕೆ ಇಡೋವಾಗ ಅವ್ಳು ಕೊಸರಾಡದಂಗೆ ಕೈ ಹಿಡ್ಕೊಂಡಿದ್ದೋಳು ನಾನು."

"ಮತ್ಯಾಕೆ ಊರ್ ತುಂಬಾ ವಾಸಿ ಆತು ಅಂತ ಸಾರ್ಕೊಂಡ್ ಬಂದೆ?"

"ಮಗ್ಳ ಮೈ ಸುಟ್ಟೋಳು ಇನ್ನೇನ್ ಹೇಳ್ಕೊಂಡ್ ಬದುಕ್ಲಿ? ವಾಸಿ ಆತು ಅಂದ್ರೆ ತಾನೇ ನಾನು ಮಾಡಿದ್ದು ಸರಿ ಆಗೋದು?"

ಆಮೇಲೆ ಬಿತ್ತು ಬೈಗುಳ, ಎರಡು ಭಾಷೆಯಲ್ಲಿ. ತೆಲುಗಿನದ್ದು ಅರ್ಥವಾಗಲಿಲ್ಲ, ಕನ್ನಡದ್ದು ಒಂದೂ ತಪ್ಪಿರಲಿಲ್ಲ. ತಲೆ ಬಗ್ಗಿಸಿ ಕೇಳಿಸಿಕೊಂಡೆ. ಗಂಗರಾಜು ಬಾಗಿಲಲ್ಲಿ ನಿಂತವನು ನಿಂತೇ ಇದ್ದ. ಈ ಗದ್ದಲಕ್ಕೆ ಹೆದರಿ ಅತ್ತಿದ್ದಕ್ಕೋ ಏನೋ, ಹರ್ಷಿತಾಗೆ ದಮ್ಮು ಹತ್ತಿತು.

ಪ್ರೇಮಲತಾ ನೀಲಿ ಪಂಪು ತಂದಳು. ಬಾಟಲಿಯನ್ನು ಅವತ್ತು ಬೆಳಗ್ಗೆಯೇ ಎಮ್ಮೆ ತುಳಿದು ಚಪ್ಪಟೆ ಮಾಡಿತ್ತಂತೆ. ಗಂಗರಾಜುವಿನ ಚೀಲದಲ್ಲಿ ನೀರಿನ ಬಾಟಲಿ ಕಂಡಿತು. ನಿನ್ನ ಕಾಗದವನ್ನು ನಾನು ಮಿಲ್ಲಿನಲ್ಲಿ ಎಷ್ಟು ಸಲ ಓದಿ ಹೇಳಿದ್ದೆ, ಒಂದೊಂದು ಸಾಲೂ ಬಾಯಿಪಾಠ. ಒಲೆಯಲ್ಲಿ ಕಬ್ಬಿಣದ ಕಡ್ಡಿ ಇಟ್ಟೆ. ಅದು ಕೆಂಪಗಾಗುವುದನ್ನು ನೋಡಿ ಆ ಮಗು ನನ್ನಿಂದ ದೂರ ಸರಿಯಿತು. "ನಿಂಗಲ್ಲ ಮಗಾ, ಬಾಟ್ಲಿಗೆ" ಅಂದೆ. ತೂತು ಸೊಟ್ಟಗೆ ಬಂತು, ಸ್ವಲ್ಪ ದೊಡ್ಡದೂ ಆಯಿತು. ಅಂಚು ತಣ್ಣಗಾದ ಮೇಲೆ ಒದ್ದೆ ಬಟ್ಟೆ ಸುತ್ತಿ ಪಂಪು ಕೂರಿಸಿ ಪ್ರೇಮಲತಾ ಕೈಗೆ ಕೊಟ್ಟೆ. ಅವಳು ಒತ್ತಿದಳು, ನಾನು ಎಣಿಸಿದೆ. ಆರನೆಯ ಉಸಿರಿಗೆ ಕ್ಯಾತಮ್ಮನೂ ನನ್ನ ಜೊತೆ ಎಣಿಸುತ್ತಿದ್ದಳು.

ಉಸಿರು ಸ್ವಲ್ಪ ಸಡಿಲವಾದ ಕೂಡಲೇ ಗಂಗರಾಜು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆದ. ನಿಮ್ಮ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಸರಿಹೋಗುತ್ತಿದೆ ಅಂದರು. ಆಮೇಲೆ ಬಾಟಲಿ ತಿರುಗಿಸಿ ನೋಡಿ, "ಇದನ್ನ ಯಾರು ಮಾಡಿದ್ದು?" ಅಂದರು. ಕ್ಯಾತಮ್ಮ ಅಂದಳು: "ನಿಮ್ ನರ್ಸಮ್ಮನ ತಾಯಿ. ಬಾಯಿ ಸರಿ ಇಲ್ಲ, ಕೈ ಪರ್ವಾಗಿಲ್ಲ."

ನನ್ನ ಜೀವಮಾನದಲ್ಲಿ ಯಾರ ಹೊಗಳಿಕೆಗೂ ನಾನು ಅಷ್ಟು ಬೀಗಿಲ್ಲ.

ಸಂಜೆಯ ಬಸ್ಸಿಗೆ ವಾಪಸಾದೆ. ಮರುದಿನ ಅವರು ಚಿತ್ತಪ್ಪನ ಊರಿಗೆ ಹೊರಟರೋ ಬಿಟ್ಟರೋ ನನಗೆ ಗೊತ್ತಿಲ್ಲ. ಒಂಬತ್ತು ದಿನದಿಂದ ಅದೇ ಯೋಚನೆ, ಬೇಗ ಬರೆ.

ಇನ್ನೊಂದು. ಮಿಲ್ಲಿನಿಂದ ಬಂದವಳು ಧೂಳು ಕೊಡವದೆ ನಿನ್ನನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದೆ. ನೀನು ಕೆಮ್ಮಿದಷ್ಟೂ ಇನ್ನೂ ಬಿಗಿಯಾಗಿ ಅವುಚಿಕೊಳ್ಳುತ್ತಿದ್ದೆ. ಗೊತ್ತಿರಲಿಲ್ಲ. ತಪ್ಪಾಯಿತು ಅಂತ ಬರೆಯಲು ಹೋಗಿ ಮೂರು ಹಾಳೆ ಹರಿದೆ, ಇದು ನಾಲ್ಕನೆಯದು. ತಪ್ಪಾಯಿತು ಮಗಳೇ.

ಅವ್ವ


ಕೊಂಡ್ಲಹಳ್ಳಿ
16–3–2003

ನನ್ನ ಅವ್ವನಿಗೆ,

ಹೋಗಲಿಲ್ಲ ಅವ್ವ! ನಿನ್ನ ಕಾಗದ ಸಿಕ್ಕಿದ ದಿನವೇ ಒಂದು ಕಾರ್ಡಿನಲ್ಲಿ ಎರಡು ಸಾಲು ಹಾಕಿದ್ದೆ, ತಲುಪಿರಬೇಕು. ಈಗ ಪೂರ್ತಿ ಬರೆಯುತ್ತೇನೆ.

ಅಮಾವಾಸ್ಯೆಯ ಬೆಳಗ್ಗೆ ಕ್ಯಾತಮ್ಮ ಬುತ್ತಿ ಕಟ್ಟಿ ತಯಾರಾಗಿದ್ದಳಂತೆ. ಪ್ರೇಮಲತಾ ಮಗುವನ್ನು ಸೊಂಟಕ್ಕೆ ಎತ್ತಿಕೊಂಡು, "ಅತ್ತೆ, ಬರೆ ಹಾಕ್ಸೋದಾದ್ರೆ ಇವ್ಳ ಕೈ ನೀವೇ ಹಿಡ್ಕೊಬೇಕು, ನಾನು ಹಿಡಿಯಲ್ಲ" ಅಂದಳಂತೆ. ಅಷ್ಟೇ ಮಾತು. ಕ್ಯಾತಮ್ಮ ಬುತ್ತಿ ಬಿಚ್ಚಿ ಎಲ್ಲರಿಗೂ ಬಡಿಸಿದಳಂತೆ. ಇದನ್ನು ಗಂಗರಾಜು ಹೇಳಿದ. ಹೇಳುವಾಗ ಅವನ ಧ್ವನಿಯಲ್ಲಿ ಹೆಂಡತಿಯ ಬಗ್ಗೆ ಇದ್ದ ಜಂಬ ನೀನು ಕೇಳಬೇಕಿತ್ತು.

ಈಗ ದಿನಾ ಎರಡು ಹೊತ್ತು ಕಂದು ಪಂಪು ತಪ್ಪುವುದಿಲ್ಲ. ನಾನೊಂದು ಕಾರ್ಡು ಮಾಡಿಕೊಟ್ಟಿದ್ದೇನೆ. ಪಂಪು ತೆಗೆದುಕೊಂಡ ಹೊತ್ತಿಗೆ ಹರ್ಷಿತಾ ಅದರಲ್ಲಿ ಒಂದು ಹೂವು ಬರೆಯುತ್ತಾಳೆ, ಕೆಮ್ಮಿದ ದಿನ ಒಂದು ಕಾಗೆ. ಈ ತಿಂಗಳು ಕಾಗೆ ಎರಡೇ. ಆರು ವಾರದಿಂದ ಒಂದು ದಿನವೂ ಸ್ಕೂಲು ತಪ್ಪಿಸಿಲ್ಲ. ಈ ಹುಡುಗಿಗೆ ಇಷ್ಟು ಮಾತು ಬರುತ್ತಿತ್ತು ಅಂತ ಮೇಷ್ಟ್ರಿಗೇ ಗೊತ್ತಿರಲಿಲ್ಲವಂತೆ.

ಡಾಕ್ಟರು ಗುರುವಾರವನ್ನು ದಮ್ಮಿನ ಮಕ್ಕಳಿಗೆ ಅಂತ ಗೊತ್ತು ಮಾಡಿದ್ದಾರೆ. ಮೊದಲ ಗುರುವಾರ ನಾಲ್ಕು ಮಕ್ಕಳು ಬಂದವು, ಹೋದ ವಾರ ಹನ್ನೊಂದು. ಹುಷಾರಾದ ಮೇಲೂ ಪಂಪು ಯಾಕೆ ಅಂತ ಹೊಸಬರು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಕ್ಯಾತಮ್ಮ ಶುರು ಮಾಡುತ್ತಾಳೆ. ಪೂಜೆ ಮಾಡಿಟ್ಟು ಕೆಟ್ಟ ಕಥೆಯನ್ನು ತಾನೇ ಹೇಳಿ ನಗಿಸುತ್ತಾಳೆ. ನಿನ್ನನ್ನೂ ಬಿಡುವುದಿಲ್ಲ. "ಈ ನರ್ಸಮ್ಮನ ತಾಯಿ ನಮ್ ಮನೆಗೆ ಬಂದು, ನನ್ ಕಂಬ್ಳಿ ಮೇಲೇ ಕೂತ್ಕೊಂಡು, ತಾನ್ ಹೇಳಿದ್ದು ಸುಳ್ಳು ಅಂದ್ಲು. ಎಷ್ಟು ಜನಕ್ಕೆ ಬತ್ತೈತೆ ಹಂಗೆ ಹೇಳಾಕೆ?" ಅನ್ನುತ್ತಾಳೆ.

ಕಳೆದ ಗುರುವಾರ ನಾನು ಎಲ್ಲರ ಮುಂದೆ ನನ್ನ ಪಂಪನ್ನು ತೆಗೆದು ಎಳೆದು ತೋರಿಸಿದೆ. ಒಂದು ಪುಟ್ಟ ಹುಡುಗ ಕೇಳಿದ, "ಸಿಸ್ಟರ್, ನಿಮ್ಗೂ ದಮ್ಮಾ?" ಹೌದು ಅಂದೆ. ಹಾಗೆ ಹೇಳಿದಾಗ ನನಗೆ ಎಷ್ಟು ಹಗುರವಾಯಿತು ಅಂದರೆ ಅದನ್ನು ಬರೆಯಲು ಬರುವುದಿಲ್ಲ.

ನೀನು ನನ್ನ ಕಥೆ ಹೇಳಿ ಮೆರೆದೆ ಅಂತ ಹಿಂದೆ ಬರೆದಿದ್ದೆ. ಈಗ ನಿನ್ನ ಕಥೆ ಹೇಳಿ ಮೆರೆಯುವ ಸರದಿ ನನ್ನದು. ಬೀಗ ಹಾಕಿದ ನನ್ನ ಕೋಣೆಯ ಮುಂದೆ ಹಾದು ಹೋದೆಯಂತೆ, ಪಕ್ಕದ ಮನೆಯವರು ನೋಡಿದ್ದಾರೆ. ಮುಂದಿನ ಸಲ ನಾನಿರುವಾಗ ಬಾ.

ನಿನ್ನ ಮಗಳು ಅಂತ ಹೇಳಿಕೊಳ್ಳುವ
ಶಾಂತಾ


ಚಳ್ಳಕೆರೆ
22–6–2003

ಮಗಳೇ,

ಹೂವು ಕಾಗೆ ಕಾರ್ಡಿನ ವಿಷಯ ಓದಿ ನಿನ್ನಪ್ಪ ತನ್ನ ಮೊಣಕಾಲಿಗೂ ಒಂದು ಕಾರ್ಡು ಮಾಡಿಕೊಂಡಿದ್ದಾನೆ. ಬರೀ ಕಾಗೆಯೇ.

ಬರೆಯಲು ತಡವಾದದ್ದಕ್ಕೆ ಕಾರಣ ಉಂಟು. ಚಿತ್ತಪ್ಪನ ದಾರಿ ತೋರಿಸಿದ್ದ ಮೂರು ಮನೆಗೂ ಹೋಗಿ ಬರಬೇಕಿತ್ತು. ಒಬ್ಬರು ಹೋಗಿರಲೇ ಇಲ್ಲ, ಮಗು ಚೆನ್ನಾಗಿದೆ. ಇನ್ನೊಬ್ಬರು ನನ್ನ ಮಾತು ಕೇಳಿ, ಹೋದ ವರ್ಷ ಒಂದು ಮಾತು, ಈ ವರ್ಷ ಒಂದು ಮಾತು ಅಂತ ನಕ್ಕು ಬಾಗಿಲು ಹಾಕಿಕೊಂಡರು. ಎರಡನೆಯ ಸಲ ಹೋದಾಗ ಒಳಗೆ ಕರೆದರು. ಮೂರನೆಯದು ದೊಡ್ಡಪಾಲಯ್ಯನ ಮನೆ. ಅವನು ಬೈಯಲೂ ಇಲ್ಲ, ಜಗಳವನ್ನೂ ಆಡಲಿಲ್ಲ. ಮೊಮ್ಮಗನನ್ನು ಕರೆದು ಅಂಗಿ ಎತ್ತಿ ತೋರಿಸಿದ. ಮೂರು ಗೆರೆ, ಇನ್ನೂ ಕೆಂಪು. ಈಗ ಆ ಹುಡುಗನನ್ನು ತಿಂಗಳಿಗೊಮ್ಮೆ ನಾನೇ ಇಲ್ಲಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಗೆರೆ ಹೋಗುವುದಿಲ್ಲ, ದಮ್ಮು ಹತೋಟಿಗೆ ಬಂದಿದೆ. ದೊಡ್ಡಪಾಲಯ್ಯ ನನ್ನ ಜೊತೆ ಇನ್ನೂ ಮಾತಾಡುವುದಿಲ್ಲ, ಬಸ್ಸಿನಲ್ಲಿ ಮಾತ್ರ ಸೀಟು ಹಿಡಿದು ಕೊಡುತ್ತಾನೆ.

ಮೊನ್ನೆ ಗುರುವಾರ ಮಿಲ್ಲಿಗೆ ಒಬ್ಬಳು ಹೆಂಗಸು ಬಂದಳು. ಗಡಿಯ ಕಡೆಯವಳು, ಹೆಸರು ಚಿನ್ನಕ್ಕ, ಕಂಕುಳಲ್ಲಿ ಐದು ವರ್ಷದ ಹೆಣ್ಣು ಮಗು. ಲಕ್ಷ್ಮಕ್ಕ ಅಂದರೆ ಯಾರು ಅಂತ ಗೇಟಿನಿಂದ ಕೇಳಿಕೊಂಡು ಒಳಗೆ ಬಂದಳು. ನನ್ನ ಹಳೆಯ ಮಾತು ಇನ್ನೂ ಊರೂರು ತಿರುಗುತ್ತಿದೆ ನೋಡು, ಆಡಿದವಳಿಗಿಂತ ಅದಕ್ಕೇ ಕಾಲು ಗಟ್ಟಿ. ಬೀಜ ಆರಿಸುತ್ತಿದ್ದ ಮೂವತ್ತು ಜನ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಅವರೆಲ್ಲ ಹತ್ತು ವರ್ಷದಿಂದ ನನ್ನ ಕಥೆ ಕೇಳಿದವರು.

"ನಿನ್ ಮಗ್ಳಿಗೆ ದಮ್ಮು ಎಂಗೆ ಹೋತವ್ವ? ಆ ಚಿತ್ತಪ್ಪನ ಊರಿಗೆ ಎಂಗೆ ಹೋಗ್ಬೇಕು?" ಅಂದಳು.

ಮೂವತ್ತು ಜನರಿಗೂ ಕೇಳುವ ಹಾಗೆ ಹೇಳಿದೆ. "ನನ್ ಮಗ್ಳ ದಮ್ಮು ಹೋಗಿಲ್ಲ. ಅದನ್ನ ಕೈಯಾಗೆ ಇಟ್ಕೊಂಡವ್ಳೆ. ತನ್ದೂ ಇಟ್ಕೊಂಡು ಊರ್ ಮಕ್ಳದ್ದೂ ಇಟ್ಕೊಂಡವ್ಳೆ. ನೀನು ಹೋಗ್ಬೇಕಾದ್ದು ಕೊಂಡ್ಲಹಳ್ಳಿಗೆ."

ಮಗುವನ್ನು ನನ್ನ ತೊಡೆಗೆ ತೆಗೆದುಕೊಳ್ಳಲು ಕೈ ಚಾಚಿದವಳು ಹಿಂದಕ್ಕೆಳೆದುಕೊಂಡೆ. ಮೊದಲು ಆಚೆ ಹೋಗಿ ಸೀರೆ ಕೊಡವಿ, ಕೈ ತೊಳೆದುಕೊಂಡು, ಬೇವಿನ ಮರದ ಕೆಳಗೆ ಅವರನ್ನು ಕರೆಸಿ ಕೂರಿಸಿದೆ. ಬಸ್ಸು ಎಲ್ಲಿ ಬದಲಾಯಿಸಬೇಕು, ಯಾವ ದಿನ ಹೋಗಬೇಕು, ಯಾರನ್ನು ಕೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಮುಂದಿನ ಗುರುವಾರ ಬರುತ್ತಾರೆ, ನೋಡಿಕೋ.

ಹೊರಡುವ ಮೊದಲು ಆ ಮಗುವಿನ ಅಂಗಿ ಎತ್ತಿ ನೋಡಿದೆ ಶಾಂತಾ. ಎದೆಯ ಮೇಲೆ ಒಂದು ಗೆರೆಯೂ ಇಲ್ಲ. ಹಾಗೇ ಕಳಿಸಿದ್ದೇನೆ.

ನಿನ್ನ ಅವ್ವ,
ಲಕ್ಷ್ಮಕ್ಕ